ಒಂದು ಸಾಲು ನೆಟ್ಟಗೆ ಬರೆಯಲು ಏನು ಕಷ್ಟ?

ರಾತ್ರಿ 11.40ಕ್ಕೆ ಒಬ್ಬ ಅಭ್ಯರ್ಥಿಗೆ ‘ನಿಮ್ಮ ಅರ್ಜಿಯನ್ನು ಮುಂದುವರಿಸಲು ಸಾಧ್ಯವಾಗುತ್ತಿಲ್ಲ’ ಎಂಬ ಮೇಲ್ ಹೋಗಿದೆ. ಮರುದಿನ ಬೆಳಿಗ್ಗೆ 10ಕ್ಕೆ ಅದೇ ಅಭ್ಯರ್ಥಿಯ ಕೊನೆಯ ಸುತ್ತಿನ ಸಂದರ್ಶನವಿತ್ತು. ಕಚೇರಿಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ‘ಎಐಗೆ ತಲೆ ಕೆಟ್ಟಿದೆ.’ ಇಲ್ಲ ಸ್ವಾಮಿ, ಅದಕ್ಕೆ ತಲೆ ಕೆಟ್ಟಿಲ್ಲ. ನಾವು ಬರೆದುಕೊಟ್ಟ ಎರಡು ಪದಗಳನ್ನು ಅದು ನಂಬಿತು, ಅಷ್ಟೇ.

ನಡೆದದ್ದು ಇಷ್ಟು. ಆ ಅಭ್ಯರ್ಥಿ ಎರಡು ಹುದ್ದೆಗಳಿಗೆ ಅರ್ಜಿ ಹಾಕಿದ್ದರು. ನೇಮಕಾತಿ ವಿಭಾಗದವರು ಏಜೆಂಟ್‌ಗೆ, ಅಂದರೆ ಹೇಳಿದ ಕೆಲಸವನ್ನು ತಂತ್ರಾಂಶದಲ್ಲಿ ತಾನೇ ಮಾಡುವ ಎಐಗೆ, ‘ಇವರನ್ನು ಟೆಸ್ಟಿಂಗ್ ಹುದ್ದೆಯಿಂದ ತೆಗೆ, ಡೆವಲಪರ್ ಹುದ್ದೆಗೆ ಮಾತ್ರ ಇರಲಿ’ ಎಂದು ಹೇಳಿದರು. ಏಜೆಂಟ್ ತನ್ನ ಮುಂದಿದ್ದ ಟೂಲ್‌ಗಳನ್ನು, ಅಂದರೆ ಅದು ಕರೆದು ಕೆಲಸ ಮಾಡಿಸಬಹುದಾದ ಕೋಡ್ ತುಣುಕುಗಳನ್ನು, ನೋಡಿತು. ‘ರಿಮೂವ್ ಕ್ಯಾಂಡಿಡೇಟ್’ ಎಂಬುದೊಂದಿತ್ತು. ಅದರ ವಿವರಣೆ: ‘ಅಭ್ಯರ್ಥಿಯನ್ನು ತೆಗೆದುಹಾಕುತ್ತದೆ.’ ಎಲ್ಲಿಂದ? ಒಂದು ಹುದ್ದೆಯಿಂದಲೋ, ಎಲ್ಲ ಹುದ್ದೆಗಳಿಂದಲೋ, ಭೂಮಿಯಿಂದಲೋ? ಕೊಡಬೇಕಾದ ಮಾಹಿತಿಯ ಜಾಗದಲ್ಲಿ ‘ಐಡಿ’ ಎಂದಷ್ಟೇ ಇತ್ತು. ಯಾರ ಐಡಿ?

ನೇಮಕಾತಿ ತಂತ್ರಾಂಶ ಬಳಸುವ ಯಾರಿಗಾದರೂ ಗೊತ್ತು, ಅಭ್ಯರ್ಥಿ ಬೇರೆ, ಅರ್ಜಿ ಬೇರೆ. ಮನುಷ್ಯ ಒಬ್ಬನೇ, ಅವನ ಅರ್ಜಿಗಳು ಮೂರಿರಬಹುದು. ನಮ್ಮ ಈ ಮಹಾನ್ ಟೂಲ್ ಅಭ್ಯರ್ಥಿಯ ಐಡಿ ತೆಗೆದುಕೊಂಡು ಅವರ ಅಷ್ಟೂ ಅರ್ಜಿಗಳನ್ನು ಮುಚ್ಚುತ್ತದೆ. ಸಾಲದ್ದಕ್ಕೆ, ‘ಬೇಡ’ ಎಂದು ಹೇಳದಿದ್ದರೆ ತಾನಾಗಿಯೇ ನಿರಾಕರಣೆಯ ಮೇಲ್ ಕಳಿಸುತ್ತದೆ. ಇದೆಲ್ಲ ಕೋಡ್‌ನಲ್ಲಿದೆ. ವಿವರಣೆಯಲ್ಲಿ ಒಂದಕ್ಷರವೂ ಇಲ್ಲ.

ಏಜೆಂಟ್‌ನ ಮಿದುಳಾದ ಮಾಡೆಲ್‌ಗೆ ನಮ್ಮ ಕೋಡ್ ಕಾಣುವುದಿಲ್ಲ ಎಂದು ಎಷ್ಟು ಸಲ ಹೇಳಬೇಕು? ಅದಕ್ಕೆ ಕಾಣುವುದು ಟೂಲ್‌ನ ಹೆಸರು, ವಿವರಣೆ ಮತ್ತು ಏನೇನು ಕೊಡಬೇಕು ಎಂಬ ಪಟ್ಟಿ. ಹೊಸದಾಗಿ ಸೇರಿದ ಮನುಷ್ಯನಿಗಾದರೆ ಪರದೆಯ ಮೇಲೆ ಕೆಂಪು ಗುಂಡಿ ಕಾಣುತ್ತದೆ, ‘ಖಚಿತವೇ?’ ಎಂಬ ಪ್ರಶ್ನೆ ಎದುರಾಗುತ್ತದೆ, ಪಕ್ಕದ ಕುರ್ಚಿಯವರನ್ನು ಕೇಳುವ ಅವಕಾಶವಿರುತ್ತದೆ. ಏಜೆಂಟ್‌ಗೆ ಕೆಂಪು ಗುಂಡಿಯೂ ಆ ವಿವರಣೆಯೇ, ಪಕ್ಕದ ಕುರ್ಚಿಯವರೂ ಆ ವಿವರಣೆಯೇ.

ಆದರೆ ಸಭೆಯಲ್ಲಿ ಬಂದ ತೀರ್ಮಾನ ಏನು ಗೊತ್ತೇ? ಮಾಡೆಲ್ ಬದಲಾಯಿಸೋಣ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಸಿಟ್ಟಿನಲ್ಲಿ ಟೂಲ್‌ಗಳ ವಿವರಣೆಯಿರುವ ಫೈಲ್ ತೆರೆದು ಮೊದಲಿನಿಂದ ಕೊನೆಯವರೆಗೆ ಓದಿದೆ. ಓದಬಾರದಿತ್ತು. ‘ಗೆಟ್ ಕ್ಯಾಂಡಿಡೇಟ್’, ‘ಫೆಚ್ ಕ್ಯಾಂಡಿಡೇಟ್’, ‘ಕ್ಯಾಂಡಿಡೇಟ್ ಇನ್ಫೋ’ ಎಂದು ಮೂರು ಟೂಲ್‌ಗಳು. ಮೂರಕ್ಕೂ ಒಂದೇ ವಿವರಣೆ. ಯಾವುದನ್ನು ಯಾವಾಗ ಕರೆಯಬೇಕು ಎಂದು ನನಗೇ ತಿಳಿಯಲಿಲ್ಲ, ಇನ್ನು ಯಂತ್ರಕ್ಕೇನು ತಿಳಿದೀತು? ‘ಸ್ಟೇಜ್’ ಎಂಬಲ್ಲಿ ಬೇಕಾಗಿರುವುದು ಹಂತದ ಸಂಖ್ಯೆ, ಆದರೆ ಬರೆದಿರುವುದು ‘ಪಠ್ಯ’ ಎಂದು. ಪಾಪ, ಏಜೆಂಟ್ ‘ಇಂಟರ್‌ವ್ಯೂ’ ಎಂದು ಕಳಿಸಿತು. ‘400, ತಪ್ಪು ಕೋರಿಕೆ’ ಎಂಬ ಉತ್ತರ ಬಂತು. ‘ಇಂಟರ್‌ವ್ಯೂ 1’ ಎಂದು ಕಳಿಸಿತು. ಮತ್ತೆ 400. ಹೀಗೆ ಐದು ಸಲ ಬಾಗಿಲು ಬಡಿದರೂ ಒಳಗಿನಿಂದ ಯಾರೂ ‘ಸಂಖ್ಯೆ ಕೊಡಪ್ಪ’ ಎನ್ನಲಿಲ್ಲ. ದಿನಾಂಕದ ಕಥೆ ಹೇಳುವುದೇ ಬೇಡ. 03/04 ಎಂದರೆ ಮಾರ್ಚ್ 4ಕ್ಕೆ ಸಂದರ್ಶನವೋ ಏಪ್ರಿಲ್ 3ಕ್ಕೋ? ಐಎಸ್‌ಒ 8601 ಎಂಬ ಮಾನದಂಡ ಇರುವುದೇ ಇದಕ್ಕೆ. ವರ್ಷ, ತಿಂಗಳು, ದಿನ ಎಂದು ಮೂರು ಪದ ಬರೆದಿದ್ದರೆ ಸಾಕಿತ್ತು.

2024ರ ನವೆಂಬರ್‌ನಲ್ಲಿ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್ (ಎಂಸಿಪಿ), ಅಂದರೆ ಎಐಗೆ ಟೂಲ್‌ಗಳನ್ನು ಜೋಡಿಸುವ ಸಾಮಾನ್ಯ ವಿಧಾನ, ಬಂದ ಮೇಲಂತೂ ಎಲ್ಲರಿಗೂ ಜೋಡಿಸಿಬಿಡುವ ಆತುರ. ‘ಎಂಸಿಪಿ ಹಾಕಿದ್ದೇವೆ’ ಎಂದು ಎದೆಯುಬ್ಬಿಸಿ ಹೇಳುತ್ತಾರೆ. ಈ ಟೂಲ್ ಬರೀ ಓದುತ್ತದೆಯೋ, ಏನನ್ನಾದರೂ ಅಳಿಸಿಹಾಕಬಲ್ಲದೋ ಎಂದು ಸೂಚಿಸಲು ಅದರಲ್ಲಿ ಜಾಗವಿದೆ. ನಮ್ಮ ಫೈಲ್‌ನಲ್ಲಿ ಆ ಜಾಗಗಳೆಲ್ಲ ಖಾಲಿ. ತಂತಿ ಎಳೆದರೆ ಸಾಕೇ, ಯಾವ ಸ್ವಿಚ್ ಯಾವುದಕ್ಕೆ ಎಂದು ಬರೆಯುವುದು ಬೇಡವೇ?

ಕೊನೆಗೆ ನಾನೇ ಕುಳಿತು ಟೂಲ್ ತಿದ್ದಿದೆ, ವಿವರಣೆಯನ್ನೂ ಬರೆದೆ: ‘ಒಂದು ಹುದ್ದೆಗೆ ಹಾಕಿದ ಒಂದು ಅರ್ಜಿಯನ್ನು ಮಾತ್ರ ಮುಚ್ಚುತ್ತದೆ. ಅಭ್ಯರ್ಥಿಯ ಉಳಿದ ಅರ್ಜಿಗಳನ್ನು ಮುಟ್ಟುವುದಿಲ್ಲ. ಅರ್ಜಿಯ ಐಡಿ ಬೇಕು, ಅಭ್ಯರ್ಥಿಯದ್ದಲ್ಲ; ಗೊತ್ತಿಲ್ಲದಿದ್ದರೆ ಮೊದಲು ಅರ್ಜಿಗಳ ಪಟ್ಟಿ ತರಿಸಿಕೊಳ್ಳಬೇಕು. ಬಳಕೆದಾರರು ಸ್ಪಷ್ಟವಾಗಿ ಹೇಳಿದರೆ ಮಾತ್ರ ಮೇಲ್ ಕಳಿಸುತ್ತದೆ.’ ಪರಿಶೀಲಿಸಿದವರ ಟಿಪ್ಪಣಿ: ‘ತುಂಬಾ ಉದ್ದವಾಯಿತು, ಟೋಕನ್ ಖರ್ಚಾಗುತ್ತದೆ, ಒಂದು ಸಾಲಿಗೆ ಇಳಿಸಿ.’ ಟೋಕನ್ ಎಂದರೆ ಮಾಡೆಲ್ ಓದುವ, ಬರೆಯುವ ಪಠ್ಯವನ್ನು ಅಳೆಯುವ ತುಣುಕು. ಐದು ಸಲ ಬಾಗಿಲು ಬಡಿದಾಗ ಖರ್ಚಾದ ಟೋಕನ್ ಯಾವ ಲೆಕ್ಕಕ್ಕೆ? ಇನ್ನೊಬ್ಬರು ಅತಿ ಬುದ್ಧಿವಂತರು. ವಿವರಣೆಗಳನ್ನೂ ಎಐ ಕೈಯಲ್ಲೇ ಬರೆಸಿದರು, ಅದೂ ಬರೀ ಟೂಲ್‌ಗಳ ಹೆಸರು ಕೊಟ್ಟು. ಬಂದದ್ದು: ‘ಅಭ್ಯರ್ಥಿಯನ್ನು ದಕ್ಷವಾಗಿ ಮತ್ತು ಸುಲಲಿತವಾಗಿ ತೆಗೆದುಹಾಕುತ್ತದೆ.’ ದಕ್ಷವಾಗಿಯಂತೆ! ಹೌದು, ಮೊನ್ನೆ ರಾತ್ರಿ ನೋಡಿದೆವಲ್ಲ.

ನಾನು ಬರೆದದ್ದು ಇನ್ನೂ ಪರಿಶೀಲನೆಯಲ್ಲೇ ಕೊಳೆಯುತ್ತಿದೆ. ಈ ನಡುವೆ ಆ ಅಭ್ಯರ್ಥಿಗೆ ಕ್ಷಮಾಪಣೆಯ ಮೇಲ್ ಬರೆಯುವ ಕೆಲಸ ನನ್ನ ಕೊರಳಿಗೇ ಬಿತ್ತು. ‘ನೀವು ವಿವರವಾಗಿ ಬರೆಯುತ್ತೀರಲ್ಲ’ ಎಂದರು. ಅದು ಎಷ್ಟು ಉದ್ದವಾದರೂ ಪರವಾಗಿಲ್ಲವಂತೆ.