ಮೊದಲು ಎಸ್‌ಎಂಪಿಎಸ್ ಎಷ್ಟು ವ್ಯಾಟಿನದು ಹೇಳಿ

ಕಂಪ್ಯೂಟರ್ ಗೇಮಿನ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ಜರ್ಮನಿಯಲ್ಲಿ ಅಗ್ಗ ಅಂತ ನಮ್ಮೂರ ಹುಡುಗರಿಗೆ ಯಾರು ಹೇಳಿದರೋ ಗೊತ್ತಿಲ್ಲ. ನಾನು ಮ್ಯೂನಿಕ್‌ನಿಂದ ರಜೆಗೆ ಹೊರಡುವ ಹೊತ್ತಿಗೆ ಅಕ್ಕನ ಮಗನ ಮೆಸೇಜ್ ತಪ್ಪದೆ ಬರುತ್ತದೆ: 'ಮಾವ, ಬರ್ತಾ ಒಂದು ಕಾರ್ಡ್ ತಗೊಂಡು ಬನ್ನಿ, ಪ್ರಾಜೆಕ್ಟ್‌ಗೆ ಬೇಕು.' ಇಲ್ಲಿನ ಬೆಲೆಯಲ್ಲಿ 19 ಪರ್ಸೆಂಟ್ ತೆರಿಗೆ ಸೇರಿರುತ್ತದೆ, ಅಲ್ಲಿ ಜಿಎಸ್‌ಟಿ 18. ಅಮೆರಿಕದಲ್ಲಿ ಘೋಷಿಸುವ ಡಾಲರ್ ಬೆಲೆಗೆ ಮಾತ್ರ ತೆರಿಗೆ ಸೇರಿರುವುದಿಲ್ಲ. ಅದನ್ನು ನೇರವಾಗಿ ರೂಪಾಯಿಗೆ ಗುಣಿಸಿ ನಮ್ಮಲ್ಲಿ ಲೂಟಿ ನಡೀತಿದೆ ಅನ್ನುವವರ ಲೆಕ್ಕ ಅಲ್ಲೇ ತಪ್ಪಿರುತ್ತದೆ. ಸಣ್ಣ ಬಜೆಟ್ಟಿನ ಕಾರ್ಡಿನಲ್ಲಿ ಉಳಿಯುವ ಚೂರುಪಾರಿಗೆ, ಕೆಟ್ಟರೆ ಹೊತ್ತುಕೊಂಡು ಮತ್ತೆ ಜರ್ಮನಿಗೇ ಬರಬೇಕಾದ ವಾರಂಟಿ ಕಟ್ಟಿಕೊಳ್ಳುವುದು ಜಾಣತನವಲ್ಲ.

ಬೆಲೆಗಿಂತ ನನಗೆ ಸೋಜಿಗ ಅನಿಸುವುದು ಎರಡೂ ಕಡೆ ಜನ ಕಾರ್ಡ್ ಆರಿಸುವ ರೀತಿ. ಇಲ್ಲಿನವರ ಲೆಕ್ಕ ಕಾರ್ಡಿನಿಂದ ಶುರುವಾಗುತ್ತದೆ. ಹತ್ತಾರು ಗೇಮುಗಳ ಸರಾಸರಿ ಫ್ರೇಮ್ ರೇಟ್ (ಸೆಕೆಂಡಿಗೆ ಪರದೆ ಮೇಲೆ ಮೂಡುವ ಚಿತ್ರಗಳ ಸಂಖ್ಯೆ), ಒಂದು ಫ್ರೇಮಿಗೆ ಎಷ್ಟು ಯೂರೋ ಬಿತ್ತು, ಅದಕ್ಕೊಂದು ಪಟ್ಟಿ. ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಗಳಿರುವ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಲೆಕ್ಕ ಶುರುವಾಗುವುದು ಮನೆಯಲ್ಲಿರುವ ಕಂಪ್ಯೂಟರ್ ಡಬ್ಬದಿಂದ: 'ಸರ್, ಎಸ್‌ಎಂಪಿಎಸ್ ಎಷ್ಟು ವ್ಯಾಟಿಂದು? ಬೋರ್ಡ್ ಯಾವುದು?' ಎಸ್‌ಎಂಪಿಎಸ್ ಅಂದರೆ ಡಬ್ಬದೊಳಗೆ ವಿದ್ಯುತ್ ಹಂಚುವ ಪವರ್ ಸಪ್ಲೈ, ಬೋರ್ಡ್ ಅಂದರೆ ಎಲ್ಲ ಭಾಗಗಳೂ ಕೂರುವ ಮದರ್‌ಬೋರ್ಡ್. ಕೈಯಲ್ಲಿ ಇಪ್ಪತ್ತು ಸಾವಿರದ ಆಸುಪಾಸು ಇಟ್ಟುಕೊಂಡವನಿಗೆ ಈ ಎರಡನೆಯದೇ ಸರಿಯಾದ ದಾರಿ ಅಂತ ನನ್ನ ಖಚಿತ ಅಭಿಪ್ರಾಯ. ನಮ್ಮ ಹುಡುಗರೋ, ಇಲ್ಲಿನ ಪಟ್ಟಿಗಳನ್ನು ಯೂಟ್ಯೂಬಿನಲ್ಲಿ ನೋಡಿ ಬಾಯಿಪಾಠ ಮಾಡಿಕೊಂಡು ಹೋಗಿ ಅಂಗಡಿಯವನಿಗೇ ಪಾಠ ಹೇಳುತ್ತಾರೆ.

ನಮ್ಮಲ್ಲಿ ತುಂಬ ಜನ ಮಾಡುವುದು ಹೀಗೆ: ಸದ್ಯಕ್ಕೆ ರೈಜೆನ್ 5600ಜಿ ಪ್ರೊಸೆಸರ್ ಹಾಕಿಸೋಣ, ಅದರೊಳಗಿನ ಗ್ರಾಫಿಕ್ಸ್‌ನಲ್ಲೇ ವ್ಯಾಲರಂಟ್ ಗೇಮ್ ಓಡುತ್ತೆ, ದುಡ್ಡು ಕೂಡಿದ ಮೇಲೆ ಕಾರ್ಡ್. ಒಳ್ಳೆಯ ಯೋಚನೆಯೇ. ಆದರೆ ಕಾರ್ಡಿಗೂ ಪ್ರೊಸೆಸರಿಗೂ ನಡುವಿನ ದಾರಿ ಪಿಸಿಐಇ; ಆ ಪ್ರೊಸೆಸರ್ ಅದರ 3.0 ಆವೃತ್ತಿಯ ಆಚೆಗೆ ಹೋಗುವುದಿಲ್ಲ. 2022ರಲ್ಲಿ 199 ಡಾಲರಿಗೆ ಬಂದ ಎಎಂಡಿ ಕಂಪನಿಯ ಕಾರ್ಡ್ ಆರ್‌ಎಕ್ಸ್ 6500 ಎಕ್ಸ್‌ಟಿಗೆ ಆ ದಾರಿಯಲ್ಲಿ ಇರುವುದು ನಾಲ್ಕೇ ಲೇನ್, ಅಂದರೆ ನಾಲ್ಕೇ ಸಾಲು. ಹೊಸ ಬೋರ್ಡಿನಲ್ಲಿ, 4.0 ವೇಗದಲ್ಲಿ ಅಳೆದ ಅಂಕಿಯನ್ನು ನಂಬಿ ಇದನ್ನು 5600ಜಿಗೆ ಜೋಡಿಸಿದರೆ ಆ ನಾಲ್ಕು ಲೇನಿನ ವೇಗವೂ ಅರ್ಧಕ್ಕಿಳಿಯುತ್ತದೆ. 4 ಜಿಬಿ ಮೆಮೊರಿ ತುಂಬಿದ ಗಳಿಗೆಯಿಂದ ಗೇಮ್ ತಡವರಿಸತೊಡಗುತ್ತದೆ. ಸಾಲದ್ದಕ್ಕೆ ವಿಡಿಯೋ ರೆಕಾರ್ಡ್ ಮಾಡಲು ಬೇಕಾದ ಎನ್‌ಕೋಡರೇ ಅದರಲ್ಲಿಲ್ಲ. ಸ್ಟ್ರೀಮಿಂಗ್ ಮಾಡುವ ಕನಸಿದ್ದವರು ಅತ್ತ ನೋಡಲೇಬಾರದು. ಎಂಟು ಲೇನಿನ ಆರ್‌ಎಕ್ಸ್ 6600ಗೆ ಹಳೆಯ ಬೋರ್ಡಿನಲ್ಲೂ ಇಷ್ಟು ಏಟು ಬೀಳುವುದಿಲ್ಲ. 8 ಜಿಬಿ, 132 ವ್ಯಾಟ್. 2021ರದ್ದಾದರೂ 1080ಪಿ (ಫುಲ್ ಎಚ್‌ಡಿ) ಪರದೆಯಲ್ಲಿ ಆಡುವವರಿಗೆ ಈ ದುಡ್ಡಿನಲ್ಲಿ ನಾನು ಮೊದಲು ಹೇಳುವ ಹೆಸರು ಇದೇ.

ಆದರೆ ಅದಕ್ಕೆ ಎಂಟು ಪಿನ್ನಿನ ಕೇಬಲ್ ಇರುವ ನಂಬಿಕಸ್ತ ಎಸ್‌ಎಂಪಿಎಸ್ ಬೇಕು. ಕಂಪನಿಗಳು ಮಾರಿದ ಹಳೆ ಆಫೀಸ್ ಪಿಸಿ ತಂದಿಟ್ಟುಕೊಂಡವರಿಗೆ ಆ ಕೇಬಲ್ ಎಲ್ಲಿಂದ ಬರಬೇಕು? ಬೋರ್ಡಿನಲ್ಲಿ ಕಾರ್ಡ್ ಕೂರುವ ಸ್ಲಾಟಿನಿಂದ ಸಿಗುವುದು 75 ವ್ಯಾಟ್, ಅಷ್ಟರಲ್ಲೇ ಬದುಕಬೇಕು. ಅಂಥವರಿಗಾಗಿಯೇ ಇರುವುದು ಎನ್‌ವಿಡಿಯಾದ 70 ವ್ಯಾಟಿನ ಆರ್‌ಟಿಎಕ್ಸ್ 3050 6 ಜಿಬಿ. ಇಲ್ಲಿನ ವಿಮರ್ಶಕರು ಅದನ್ನು ಹೀಗಳೆಯುವುದಕ್ಕೆ ಕಾರಣವಿದೆ. 2022ರ 3050ಯಲ್ಲಿ 8 ಜಿಬಿ, 2560 ಕೋರ್ (ಲೆಕ್ಕ ಮಾಡುವ ಘಟಕಗಳು). 2024ರಲ್ಲಿ ಅದೇ ಹೆಸರಿಟ್ಟು ಬಂದ ಇದರಲ್ಲಿ 2304 ಕೋರ್, ಮೆಮೊರಿಗೆ ಹೋಗಿಬರುವ ದಾರಿ, ಅಂದರೆ ಮೆಮೊರಿ ಬಸ್, 128ರಿಂದ 96 ಬಿಟ್‌ಗೆ ಇಳಿದಿದೆ. ಬಾಕ್ಸ್ ನೋಡಿ ಒಂದೇ ಅಂದುಕೊಳ್ಳುವವರಿಗೆ ಇದು ಮೋಸವೇ. ಆದರೂ ಹಳೆ ಡಬ್ಬದವನಿಗೆ, ಹೊಸ ಎಸ್‌ಎಂಪಿಎಸ್ ಹಾಕಿಸಲಾಗದವನಿಗೆ, ಫ್ರೇಮಿನ ಪಟ್ಟಿಯಲ್ಲಿ ಕೆಳಗಿರುವ ಇದೇ ಸರಿಹೊಂದುತ್ತದೆ. ಪಕ್ಕದಲ್ಲಿ ಯುಪಿಎಸ್ ಬೇರೆ ಇರುತ್ತದಲ್ಲ. ಮನೆಮನೆಯಲ್ಲಿರುವ 600 ವಿಎ ಯುಪಿಎಸ್ ತಡೆಯುವುದು ಸುಮಾರು 360 ವ್ಯಾಟ್. ಗೇಮಿನ ನಡುವೆ ಕರೆಂಟ್ ಹೋದಾಗ ಕಾರ್ಡ್, ಪ್ರೊಸೆಸರ್, ಮಾನಿಟರ್ ಎಲ್ಲ ಅಷ್ಟರಲ್ಲಿ ನಿಲ್ಲಬೇಕು. ಮ್ಯೂನಿಕ್‌ನಲ್ಲಿ ಕೂತು ಕಾರ್ಡ್ ಪರೀಕ್ಷೆ ಮಾಡುವವನ ತಲೆಗೆ ಇದು ಹೊಳೆಯುವುದಿಲ್ಲ.

ಅವನ ತಲೆಯಲ್ಲಿರುವುದು ಕರೆಂಟ್ ಬಿಲ್ಲು. ಇಂಟೆಲ್ ಆರ್ಕ್ ಬಿ580 ನೋಡಿ. 2024ರ ಡಿಸೆಂಬರಿನಲ್ಲಿ 249 ಡಾಲರಿಗೆ 12 ಜಿಬಿ ಕೊಟ್ಟ ಕಾರ್ಡ್. ಬಳಸುವುದು 190 ವ್ಯಾಟ್. ಎನ್‌ವಿಡಿಯಾದ ಆರ್‌ಟಿಎಕ್ಸ್ 4060ಗೆ ಸಾಕಾಗುವುದು 115. ದಿನಕ್ಕೆ ಮೂರು ಗಂಟೆ ಆಡಿದರೆ ವರ್ಷಕ್ಕೆ ಸುಮಾರು 82 ಯೂನಿಟ್ ವ್ಯತ್ಯಾಸ. ಇಲ್ಲಿ ಯೂನಿಟ್ಟಿಗೆ 35 ಸೆಂಟ್ ಅಂತ ಹಿಡಿದರೂ 28 ಯೂರೋ ದಾಟಿತು. ಕೊಳ್ಳುವಾಗ ಅಗ್ಗ ಅನಿಸಿದ ಆರ್ಕ್‌ನ ಲಾಭ ಹೀಗೆ ವರ್ಷವರ್ಷ ಕರಗುತ್ತಾ ಹೋಗುತ್ತದೆ. ಕರ್ನಾಟಕದಲ್ಲಿ ಉಚಿತ ಕರೆಂಟ್ ಕೊಡುವ ಗೃಹಜ್ಯೋತಿ ಯೋಜನೆ ಆಯಾ ಮನೆಗೆ ಗೊತ್ತುಮಾಡಿದ ಮಿತಿಯೊಳಗೇ ಇದ್ದರೆ ಇದು ಲೆಕ್ಕಕ್ಕೇ ಬರುವುದಿಲ್ಲ; ತಿಂಗಳಿಗೆ 200 ಯೂನಿಟ್ ದಾಟಿದರೆ ಮಾತ್ರ ಪೂರ್ತಿ ಬಿಲ್ ಬಂದು ಅಪ್ಪ ಕೂಗಾಡುತ್ತಾರೆ. ಹಾಗಂತ ಆರ್ಕ್ ಎಲ್ಲರಿಗೂ ಹೇಳುವ ಕಾರ್ಡಲ್ಲ. ಕಾರ್ಡಿನ ಇಡೀ ಮೆಮೊರಿಯನ್ನು ಪ್ರೊಸೆಸರ್ ಒಮ್ಮೆಗೇ ಮುಟ್ಟಲು ಬಿಡುವ ರೀಸೈಜಬಲ್ ಬಾರ್ ಸೌಲಭ್ಯ ಇಲ್ಲದ ಹಳೆ ಬೋರ್ಡಿನಲ್ಲಿ ಅದನ್ನು ಹಾಕುವುದು ಕೆರೆ ಬತ್ತಿದ ಮೇಲೆ ದೋಣಿ ಕೊಂಡ ಹಾಗೆ.

ಜರ್ಮನಿಯವರಿಂದ ನಾವು ತರಬೇಕಾದದ್ದು ಬೇರೆ ಇದೆ. ಇಲ್ಲಿ ಆನ್‌ಲೈನಿನಲ್ಲಿ ಕೊಂಡದ್ದನ್ನು 14 ದಿನದೊಳಗೆ ಕಾರಣ ಹೇಳದೆ ವಾಪಸ್ ಮಾಡಬಹುದು. ಸೆಕೆಂಡ್ ಹ್ಯಾಂಡ್ ಮಾರುವ ಅಂಗಡಿಯವನೂ ಕನಿಷ್ಠ ಒಂದು ವರ್ಷ ಜವಾಬ್ದಾರಿ ಹೊರಬೇಕು. ನಮ್ಮಲ್ಲಿ ಆನ್‌ಲೈನ್ ಅಂದರೆ ಬಹುಪಾಲು ಬದಲಿ ಮಾತ್ರ, ಹಳೆ ಕಾರ್ಡಿಗೆ ಸಿಕ್ಕರೆ ನಾಲ್ಕು ದಿನದ ಟೆಸ್ಟಿಂಗ್ ವಾರಂಟಿ. 2022ರ ಸೆಪ್ಟೆಂಬರಿನಲ್ಲಿ ಎಥೀರಿಯಂ ಎಂಬ ಕ್ರಿಪ್ಟೋ ಹಣವನ್ನು ಕಾರ್ಡುಗಳಿಂದ ಗಳಿಸುವ ಮೈನಿಂಗ್ ನಿಂತ ಮೇಲೆ ಹಗಲೂ ರಾತ್ರಿ ದುಡಿದ ಕಾರ್ಡುಗಳೆಲ್ಲ ಮಾರುಕಟ್ಟೆಗೆ ಬಿದ್ದವು. ಮೈನಿಂಗ್ ಕಾರ್ಡ್ ಎಂದರೇ ಕೆಟ್ಟದ್ದು ಅಂತೇನಿಲ್ಲ, ಫ್ಯಾನ್ ಸವೆದಿರಬಹುದು, ಥರ್ಮಲ್ ಪೇಸ್ಟ್ ಒಣಗಿರಬಹುದು, ಎರಡೂ ಬದಲಿಸುವಂಥವೇ. ನಾನು ಹೆದರುವುದು ಹೆಸರು ಬದಲಿಸಿಕೊಂಡು ಬರುವವುಗಳಿಗೆ. ಆರ್‌ಎಕ್ಸ್ 580 ಅಂತ ಮಾರುವುದರಲ್ಲಿ 2048ಎಸ್‌ಪಿ ಅಂತೊಂದು ತಳಿಯಿದೆ, ಅಸಲಿಯ 2304 ಕೋರಿನ ಬದಲು ಅದರಲ್ಲಿ 2048. ಕಾರ್ಡಿನೊಳಗಿನ ಮೂಲ ತಂತ್ರಾಂಶವಾದ ಬಯೋಸ್ ತಿದ್ದಿ ಹಳೆ ಚಿಪ್ಪಿಗೆ ಹೊಸ ಹೆಸರು ಕೊಟ್ಟವೂ ಇವೆ. ಅಂಗಡಿಯ ಕಂಪ್ಯೂಟರಿನಲ್ಲೇ ಕಾರ್ಡ್ ಹಾಕಿಸಿ, ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ತೆರೆಸಿ ಕೋರಿನ ಸಂಖ್ಯೆ ಓದಿ, ಕಾರ್ಡಿಗೆ ಪೂರ್ತಿ ಹೊರೆ ಹಾಕಿ ಪರೀಕ್ಷಿಸುವ ಫರ್‌ಮಾರ್ಕ್ ಹತ್ತು ನಿಮಿಷ ಓಡಿಸಿ. ಇಷ್ಟಕ್ಕೆ ಮುಖ ಸಿಂಡರಿಸುವವನ ಪಕ್ಕದಲ್ಲೇ ಇನ್ನೊಂದು ಅಂಗಡಿ ಇರುತ್ತದೆ. ಹೊಸದಾದರೆ ಜಿಎಸ್‌ಟಿ ಬಿಲ್ ಬಿಡಬೇಡಿ. ಬಿಲ್ ಇಲ್ಲದೆ ಸಾವಿರ ಕಮ್ಮಿ ಮಾಡ್ತೀನಿ ಅಂದಾಗ ಅವನು ಬಿಡುತ್ತಿರುವುದು ಸಾವಿರ, ನೀವು ಬಿಡುತ್ತಿರುವುದು ಮೂರು ವರ್ಷದ ವಾರಂಟಿಯ ಕಾಗದ.