ರೌಡಿ ಸಿನಿಮಾದಲ್ಲಿ ಅಮ್ಮನ ಸೆಂಟಿಮೆಂಟ್ ಬೇಕಾ?

ಪರ: ಮನೆ ತೋರಿಸದಿದ್ದರೆ ಉಳಿಯುವುದು ಬರೀ ಹೊಡೆದಾಟ

ಬೆಂಗಳೂರಿನಲ್ಲಿ ಒಬ್ಬ ಹುಡುಗನ ಮೇಲೆ ರೌಡಿ ಶೀಟ್ ಓಪನ್ ಆಯ್ತು ಅಂದ್ರೆ ಮೊದಲ ಏಟು ಬೀಳುವುದು ಮನೆಯವರಿಗೆ. ಎಲೆಕ್ಷನ್ ಹತ್ತಿರ ಬಂದರೆ, ಏರಿಯಾದಲ್ಲಿ ಗಲಾಟೆ ಆದರೆ, ಬೆಳಗಿನ ಜಾವ ಪೊಲೀಸರು ಬಾಗಿಲು ಬಡಿಯುತ್ತಾರೆ, ಬೀರು, ಮಂಚದ ಕೆಳಗೆ ಎಲ್ಲ ಜಾಲಾಡುತ್ತಾರೆ, "ಎಲ್ಲಮ್ಮಾ ನಿನ್ನ ಮಗ?" ಅಂತ ಕೇಳುತ್ತಾರೆ. ಆ ತಾಯಿ ಏನು ಹೇಳಬೇಕು? ಊರಿಗೆ ಹೋಗಿದ್ದಾನೆ ಅಂತಾನಾ, ಹಿಂದಿನ ರೂಮಿನಲ್ಲಿ ಮಲಗಿದ್ದಾನೆ ಅಂತಾನಾ? ರೌಡಿಸಂ ಕಥೆಯ ಜೀವ ಇರುವುದೇ ಇಲ್ಲಿ.

ಕಾನೂನೂ ಅವಳ ಕಷ್ಟಕ್ಕೆ ಕರಗುವುದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 111ನೇ ಸೆಕ್ಷನ್ ಪ್ರಕಾರ, ಸಂಘಟಿತ ಅಪರಾಧ ಮಾಡಿದವನನ್ನು ಬೇಕಂತಲೇ ಬಚ್ಚಿಟ್ಟರೆ ಕನಿಷ್ಠ 3 ವರ್ಷ ಜೈಲು. ಗಂಡನೋ ಹೆಂಡತಿಯೋ ಬಚ್ಚಿಟ್ಟರೆ ಮಾತ್ರ ವಿನಾಯಿತಿ. ಅಮ್ಮನಿಗಿಲ್ಲ, ಅಣ್ಣ ತಮ್ಮಂದಿರಿಗೂ ಇಲ್ಲ.

1975ರ 'ದೀವಾರ್' ಇವತ್ತಿಗೂ ಹಳೆಯದಾಗದೆ ಇರುವುದು ಈ ಸಂಕಟದಿಂದಲೇ. ಸ್ಮಗ್ಲರ್ ಅಣ್ಣನನ್ನು ಹಿಡಿಯಲು ಹೊರಟ ಇನ್‌ಸ್ಪೆಕ್ಟರ್ ತಮ್ಮನ ಕೈಗೆ ತಾಯಿಯೇ ಪಿಸ್ತೂಲು ಕೊಡುತ್ತಾಳೆ. ಆಮೇಲೆ ದೇವಸ್ಥಾನಕ್ಕೆ ಹೋಗಿ ದೊಡ್ಡ ಮಗನಿಗಾಗಿ ಕಾಯುತ್ತಾಳೆ. ತಪ್ಪನ್ನು ಮುಚ್ಚಿಡಲೂ ಇಲ್ಲ, ಮಗನನ್ನು ಬಿಡಲೂ ಇಲ್ಲ. ಇದನ್ನು ಸುಮ್ನೆ ಸೆಂಟಿಮೆಂಟ್ ಅಂತ ತಳ್ಳಿಹಾಕಲು ನನ್ನಿಂದಾಗದು.

ವಿರೋಧ: ಸತ್ತವನಿಗೂ ಅಮ್ಮ ಇದ್ದಳಲ್ವಾ?

ಸೆಂಟಿಮೆಂಟ್ ಇರಲಿ. ಆದರೆ ಅದು ಯಾಕೆ ಯಾವಾಗಲೂ ಲಾಂಗ್ ಹಿಡಿದವನ ಮನೆಗೇ ಹೋಗುತ್ತದೆ? 2005ರ 'ಜೋಗಿ'ಯನ್ನೇ ತಗೊಳ್ಳಿ. ಮಗನನ್ನು ಹುಡುಕಿಕೊಂಡು ಹಳ್ಳಿಯಿಂದ ಬೆಂಗಳೂರಿಗೆ ಬಂದ ತಾಯಿ ಇಲ್ಲೇ ತೀರಿಹೋಗುತ್ತಾಳೆ, ಅದು ತನ್ನ ಅಮ್ಮನ ಹೆಣ ಅಂತ ಗೊತ್ತಿಲ್ಲದೆ ಮಗ ಅದರ ಮುಂದೆಯೇ ಕುಣಿಯುತ್ತಾನೆ. ಕಲ್ಲೂ ಕರಗುವ ದೃಶ್ಯ, ಒಪ್ಪುತ್ತೇನೆ. ಆದರೆ ರೌಡಿಯ ಕೈಗೆ ಸಿಕ್ಕಿ ಸತ್ತವರ ಮನೆಯಲ್ಲಿ ಆ ರಾತ್ರಿ ಏನಾಯ್ತು ಅನ್ನುವುದು ನಮ್ಮ ಸಿನಿಮಾಗಳಲ್ಲಿ ಎಷ್ಟು ಸಲ ಬಂದಿದೆ? ಅವರು ತೆರೆ ಮೇಲೆ ಬರುವುದೇ ಬಿದ್ದು ಸಾಯುವುದಕ್ಕೆ.

1995ರ 'ಓಂ'ನಲ್ಲಿ ನಿಜವಾದ ರೌಡಿಗಳೇ ಬಂದು ನಟಿಸಿದ್ದರು. ನಾಯಕ ಪುರೋಹಿತರ ಮಗ, ಅಪ್ಪನ ನೋವೂ ಕಥೆಯಲ್ಲಿದೆ. ಹುಡುಗರ ತಲೆಯಲ್ಲಿ ಉಳಿದಿದ್ದು ಆ ನೋವಾ? ಅಲ್ಲ, ನಡಿಗೆ, ಡೈಲಾಗು, ಲಾಂಗು. ಬರ್ತ್‌ಡೇಗೆ ಲಾಂಗಿನಲ್ಲಿ ಕೇಕ್ ಕತ್ತರಿಸಿ ರೀಲ್ಸ್ ಹಾಕಿ, ಆಮೇಲೆ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಕೇಸು ಹಾಕಿಸಿಕೊಂಡ ಹುಡುಗರು ಈಗಲೂ ಇದ್ದಾರೆ. ಅಮ್ಮನನ್ನು ಅಷ್ಟು ಪ್ರೀತಿಸುತ್ತಾನೆ, ಹಾಗಾಗಿ ಒಳಗೊಳಗೇ ಒಳ್ಳೆಯವನು ಅನ್ನುವ ಈ ಲೆಕ್ಕವೇ ನನಗೆ ಸಿಟ್ಟು ತರಿಸುವುದು.

ಈ ಊರಲ್ಲಿ ರೌಡಿಸಂ ಅಂದ್ರೆ ಬರೀ ಮಾರ್ಕೆಟ್ಟಿನ ಹಫ್ತಾ ಅಲ್ಲ, ಜಾಸ್ತಿ ದುಡ್ಡು ಓಡಾಡುವುದು ಜಮೀನಿನಲ್ಲಿ. ರಿಟೈರ್ ಆದವರು ಪಿಎಫ್ ದುಡ್ಡೆಲ್ಲ ಸುರಿದು ಒಂದು ಥರ್ಟಿ ಫಾರ್ಟಿ ಸೈಟ್ ತಗೊಂಡಿರುತ್ತಾರೆ. ಒಂದು ದಿನ ಹೋಗಿ ನೋಡಿದರೆ ಯಾರೋ ಕಾಂಪೌಂಡ್ ಹಾಕಿ ಶೆಡ್ ಎಬ್ಬಿಸಿರುತ್ತಾರೆ, ಕೇಳಿದರೆ ಎದೆ ಉಬ್ಬಿಸಿಕೊಂಡು ನಾಲ್ಕು ಜನ ಎದುರು ನಿಲ್ಲುತ್ತಾರೆ, ಪತ್ರ ಹಿಡಿದು ಸ್ಟೇಷನ್ನಿಗೆ ಓಡಿದರೆ "ಇದು ಸಿವಿಲ್ ಮ್ಯಾಟರ್ ಸಾರ್, ಕೋರ್ಟಿಗೆ ಹೋಗಿ" ಅನ್ನುತ್ತಾರೆ. ಆ ಮನೆಯಲ್ಲೂ ಒಬ್ಬ ಅಮ್ಮ ಇದ್ದಾಳೆ. "ಹಾಳಾಗಿ ಹೋಗಲಿ, ಸೈಟ್ ಬಿಟ್ಟುಬಿಡು, ನೀನು ಬದುಕಿದ್ದರೆ ಸಾಕು" ಅಂತ ಮಗನ ಕೈ ಹಿಡಿದು ಬೇಡಿಕೊಳ್ಳುತ್ತಿದ್ದಾಳೆ. ಒಂದು ಸಿನಿಮಾ ಇಡೀ ಎರಡೂವರೆ ಗಂಟೆ ಅವಳ ಮನೆಯೊಳಗೇ ಇರಲಿ.