ಕೋಗಿಲೆ ಕೂಗಿನ ಬಣ್ಣ ನನ್ನ ಫೋಟೋದಲ್ಲಿ ಯಾಕಿಲ್ಲ

ಸಿನೆಸ್ತೇಶಿಯಾ ಬಗ್ಗೆ ಬರೆದಾಗಲೆಲ್ಲ ಇನ್‌ಬಾಕ್ಸ್‌ಗೆ ಒಂದು ಸಲಹೆ ಬಂದೇ ಬರುತ್ತದೆ. "ನಿಮಗೆ ಶಬ್ದ ಕೇಳಿದ್ರೆ ಬಣ್ಣ ಕಾಣುತ್ತಲ್ವಾ, ಅದನ್ನ ಫೋಟೋಗೂ ಹಾಕಿ. ಎಡಿಟಿಂಗ್‌ನಲ್ಲಿ ಎಷ್ಟು ಹೊತ್ತಿನ ಕೆಲಸ?" ಜಾಸ್ತಿ ಹೊತ್ತು ಹಿಡಿಯುವುದಿಲ್ಲ, ನಿಜ. ಆದರೂ ನಾನು ಮಾಡುವುದಿಲ್ಲ. ಯಾಕೆ ಅಂತ ಇವತ್ತು ಪೂರ್ತಿ ಬರೆಯುತ್ತೇನೆ, ಉದ್ದ ಆಗುತ್ತದೆ, ಪುರುಸೊತ್ತಾದಾಗ ಓದಿ.

ಗೊತ್ತಿಲ್ಲದವರಿಗೆ ಎರಡು ಮಾತು. ಕಿವಿಗೋ ಕಣ್ಣಿಗೋ ಏನಾದರೂ ಬಿದ್ದಾಗ ಅದರ ಜೊತೆಗೇ ಇನ್ನೊಂದು ಅನುಭವ ತಾನಾಗಿ ಬರುವುದು ಸಿನೆಸ್ತೇಶಿಯಾ. ಕೆಲವರಿಗೆ ಅಂಕಿಗಳಿಗೆ ಬಣ್ಣ, ಕೆಲವರಿಗೆ ವಾರದ ದಿನಗಳಿಗೆ ಬಣ್ಣ, ಕೆಲವೇ ಕೆಲವರಿಗೆ ಮಾತು ಕೇಳಿದರೆ ನಾಲಿಗೆಯ ಮೇಲೆ ರುಚಿ. ನನಗೆ ಅಕ್ಷರಕ್ಕೂ ಬಣ್ಣ ಇದೆ, ಶಬ್ದಕ್ಕೂ ಇದೆ. "ಕ" ಕಂದು. ಅದಕ್ಕೆ ಗುಡಿಸು ಬಂದು "ಕಿ" ಆದರೆ ಅಂಚಿಗೆ ಹಳದಿ ಏರುತ್ತದೆ, ಕೊಂಬು ಬಂದು "ಕು" ಆದರೆ ಪೂರ್ತಿ ಗಾಢ. ಕಾಗುಣಿತ ಬರೆಯುವುದು ನನಗೆ ಚಿಕ್ಕಂದಿನಲ್ಲಿ ಬಹಳ ಇಷ್ಟದ ಕೆಲಸವಾಗಿತ್ತು. ಏಳು ಅನ್ನುವ ಅಂಕಿ ಹಸಿರು ಅಂತ ತರಗತಿಯಲ್ಲಿ ಹೇಳಿದ ದಿನ ಮಾತ್ರ ಎಲ್ಲರೂ ನಕ್ಕರು, ಟೀಚರ್ ಕೂಡ, ಆಮೇಲೆ ಬಹಳ ವರ್ಷ ನಾನು ಯಾರ ಹತ್ತಿರವೂ ಹೇಳಲಿಲ್ಲ. ನಿಮ್ಮ ಮನೆಯ ಮಗು ಹೀಗೆ ಏನಾದರೂ ಹೇಳಿದರೆ ದಯವಿಟ್ಟು ನಗಬೇಡಿ. "ಹೌದಾ, ಎಂಟು ಯಾವ ಬಣ್ಣ?" ಅಂತ ಕೇಳಿ.

ಇದು ಕಾಯಿಲೆ ಅಲ್ಲ. ಕವಿಗಳು ಹೋಲಿಕೆ ಕೊಡುತ್ತಾರಲ್ಲ, ಆ ತರಹದ್ದೂ ಅಲ್ಲ. ಬೇಕು ಅಂದಾಗ ತರಿಸಿಕೊಳ್ಳುವುದಕ್ಕೆ ಆಗುವುದಿಲ್ಲ, ಸಾಕು ಅಂದರೆ ನಿಲ್ಲುವುದಿಲ್ಲ. ಸಂಶೋಧಕರು ಇದನ್ನು ಪರೀಕ್ಷೆ ಮಾಡುವ ರೀತಿಯೇ ನೋಡಿ. ಒಂದೊಂದು ಅಕ್ಷರಕ್ಕೂ, ಶಬ್ದಕ್ಕೂ ಯಾವ ಬಣ್ಣ ಅಂತ ಇವತ್ತು ಕೇಳುತ್ತಾರೆ, ಆಮೇಲೆ ಯಾವಾಗಲೋ ಮುನ್ಸೂಚನೆ ಇಲ್ಲದೆ ಮತ್ತೆ ಕೇಳುತ್ತಾರೆ, ನಮ್ಮಂಥವರ ಉತ್ತರ ಹೆಚ್ಚುಕಡಿಮೆ ಹಾಗೇ ಇರುತ್ತದೆ. 2006ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಅಧ್ಯಯನದಲ್ಲಿ ಶೇಕಡಾ 4ಕ್ಕಿಂತ ಸ್ವಲ್ಪ ಜಾಸ್ತಿ ಜನರಲ್ಲಿ ಯಾವುದೋ ಒಂದು ಬಗೆಯ ಸಿನೆಸ್ತೇಶಿಯಾ ಕಂಡಿತ್ತು. ಅಂದರೆ ತುಂಬಿದ ಒಂದು ಬಿಎಂಟಿಸಿ ಬಸ್ಸಿನಲ್ಲಿ ನನ್ನಂಥವರು ಇನ್ನೂ ಒಬ್ಬಿಬ್ಬರು ಇರಬಹುದು.

ಈಗ ಹಕ್ಕಿಗಳಿಗೆ ಬರುತ್ತೇನೆ. ಬೆಂಗಳೂರನ್ನು ಕಣ್ಣಿಗಾಗಿ ಯಾರೋ ಯೋಚನೆ ಮಾಡಿ ಕಟ್ಟಿದ್ದಾರೆ. ಒಂದು ಮರದ ಹೂವು ಉದುರುವಾಗ ಇನ್ನೊಂದು ಅರಳಬೇಕು ಅಂತ ಲಾಲ್‌ಬಾಗ್ ತೋಟ ನೋಡಿಕೊಳ್ಳುತ್ತಿದ್ದ ಜರ್ಮನ್ ಸಸ್ಯತಜ್ಞ ಕ್ರುಂಬಿಗಲ್ ಹೋದ ಶತಮಾನದ ಮೊದಲಲ್ಲೇ ಲೆಕ್ಕ ಹಾಕಿದ್ದರು. 80ರ ದಶಕದಲ್ಲಿ ಅರಣ್ಯಾಧಿಕಾರಿ ನೇಗಿನಹಾಳ ಅವರ ಕಾಲದಲ್ಲಿ ಲಕ್ಷಗಟ್ಟಲೆ ಸಸಿಗಳು ನಗರಕ್ಕೆ ಬಂದವು. ಅದಕ್ಕೇ ಇವತ್ತು ಟಬೆಬುಯಾ, ಜಕರಂಡಾ, ಗುಲ್‌ಮೊಹರ್ ಅಂತ ಬಣ್ಣ ಒಂದರ ಹಿಂದೆ ಒಂದು ಬರುತ್ತದೆ. ಆ ಮರಗಳ ಜೊತೆ ಹಕ್ಕಿ ಬಂತು, ಹಕ್ಕಿಯ ಜೊತೆ ನನ್ನ ಇನ್ನೊಂದು ಬಣ್ಣದ ಸಾಲು ಬಂತು. ಕೋಗಿಲೆ ಕೂಗು ಒಂದು ನೀಲಿ ಗೆರೆ, ಸ್ವರ ಮೇಲೆ ಹೋದ ಹಾಗೆ ತಿಳಿಯಾಗುತ್ತಾ ತುದಿಯಲ್ಲಿ ಬೆಳ್ಳಗಾಗುತ್ತದೆ. ಶಬ್ದದಲ್ಲಿ ಬಣ್ಣ ಕಾಣುವವರಲ್ಲಿ ಇದು ಸಾಮಾನ್ಯ: ಸ್ವರ ಏರಿದರೆ ತಿಳಿ ಬಣ್ಣ, ಇಳಿದರೆ ಗಾಢ. ಕಂಚುಗಾರ ಹಕ್ಕಿ ಟುಕ್ ಟುಕ್ ಟುಕ್ ಅನ್ನುವಾಗ ಕಂಚಿನ ಬಣ್ಣವೇ ಕಾಣಬೇಕು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನನಗೆ ಅದು ನೇರಳೆ ಚುಕ್ಕೆ. ಯಾಕೆ ನೇರಳೆ ಅಂತ ಕೇಳಿದರೆ ನನ್ನಲ್ಲಿ ಉತ್ತರ ಇಲ್ಲ, ಅದು ಯಾವತ್ತೂ ನೇರಳೆಯೇ.

ಕುಟ್ರ ಹಕ್ಕಿಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ನನ್ನ ವಾದ ಇರುವುದೇ ಅಲ್ಲಿ. ಕಬ್ಬನ್ ಪಾರ್ಕ್‌ನಲ್ಲಿ ಬೆಳಗ್ಗೆ ಹೊತ್ತು ಅದರ ಕುಟ್ರೂ ಕುಟ್ರೂ ಎಲ್ಲ ಕಡೆ ಕೇಳುತ್ತದೆ. ನನಗೆ ಗಾಳಿಯಲ್ಲಿ ಸಾಸಿವೆ ಹಳದಿಯ ಸುರುಳಿಗಳು. ಹಕ್ಕಿ ಮಾತ್ರ ಕಾಣುವುದಿಲ್ಲ. ಮೈ ಬಹುಪಾಲು ಎಲೆ ಹಸಿರು, ಅಲ್ಲಾಡದೆ ಕೂತಿರುತ್ತದೆ, ಲೆನ್ಸ್ ಹಿಡಿದು ಕತ್ತು ನೋವು ಬಂದರೂ ಸಿಗುವುದಿಲ್ಲ. ಆ ಹಸಿರೇ ಹಕ್ಕಿಯ ಬದುಕಿನ ದಾರಿ. ಅಡಗಿ ಕೂತಿದ್ದನ್ನು ಕಷ್ಟಪಟ್ಟು ಹುಡುಕಿ, ಕ್ಲಿಕ್ ಮಾಡಿ, ಮನೆಗೆ ಬಂದು ಅದರ ಸುತ್ತ ನನ್ನ ಹಳದಿ ಬಳಿದರೆ, ಆ ಹಕ್ಕಿ ಏನು ಮಾಡುತ್ತಿತ್ತು ಅನ್ನುವುದನ್ನೇ ನಾನು ಅಳಿಸಿದ ಹಾಗೆ. ನೋಡಿದ ಯಾರಿಗೂ ಅದು ಅಡಗಿತ್ತು ಅಂತ ಗೊತ್ತಾಗುವುದಿಲ್ಲ. ನೇಚರ್ ಫೋಟೋಗ್ರಫಿ ಸ್ಪರ್ಧೆಗಳಲ್ಲಿ ಚಿತ್ರಕ್ಕೆ ಏನನ್ನೂ ಸೇರಿಸಬಾರದು ಅನ್ನುವ ನಿಯಮ ಇದೆ. ಸ್ಪರ್ಧೆಗೆ ಕಳಿಸದ ಫೋಟೋಗೂ ನಾನು ಅದನ್ನೇ ಪಾಲಿಸುತ್ತೇನೆ. ರಾ ಫೈಲ್, ಅಂದರೆ ಕ್ಯಾಮೆರಾ ಹಿಡಿದ ಮೂಲ ಚಿತ್ರ, ತೆರೆದು ವೈಟ್ ಬ್ಯಾಲೆನ್ಸ್ ಸರಿ ಮಾಡುತ್ತೇನೆ, ಎಕ್ಸ್‌ಪೋಷರ್ ನೋಡುತ್ತೇನೆ, ಅಷ್ಟೇ. ಫೋಟೋ ನೋಡಿದವರು "ಇದು ಅಲ್ಲಿ ಹೀಗೇ ಇತ್ತು" ಅಂತ ನಂಬುತ್ತಾರೆ. ಆ ನಂಬಿಕೆ ನನಗೆ ದೊಡ್ಡದು.

ನನ್ನ ಹಳದಿಗೆ ಬೇರೆ ಜಾಗ ಇದೆ, ಕ್ಯಾನ್ವಾಸ್. ಪಾರ್ಕಿನಲ್ಲಿ ಧ್ವನಿ ರೆಕಾರ್ಡ್ ಮಾಡಿಕೊಂಡು ಬಂದು ಮನೆಯಲ್ಲಿ ಹಾಕಿದರೆ ಅದೇ ಬಣ್ಣಗಳು ಮತ್ತೆ ಬರುತ್ತವೆ, ಅದನ್ನು ನೋಡಿಕೊಂಡೇ ಬಣ್ಣ ಕಲಸುತ್ತೇನೆ. ನೋಡಿದವರು ಅಬ್‌ಸ್ಟ್ರಾಕ್ಟ್ ಅನ್ನುತ್ತಾರೆ. ನನ್ನ ಮಟ್ಟಿಗೆ ಅದು ಲಾಲ್‌ಬಾಗ್ ಬಂಡೆಯ ಪಕ್ಕ ಬೆಳಗ್ಗೆ ಆರು ಗಂಟೆಗೆ ಏನೇನು ಕೇಳಿಸಿತು ಅನ್ನುವುದರ ನೇರ ವರದಿ. ಫ್ರಾನ್ಸಿನ ಸಂಗೀತಗಾರ ಒಲಿವಿಯೆ ಮೆಸಿಯಾನ್‌ಗೂ ಶಬ್ದದ ಜೊತೆ ಬಣ್ಣ ಕಾಣುತ್ತಿತ್ತು. ಅವರು ಕಾಡು, ಹೊಲ ಸುತ್ತಿ ಹಕ್ಕಿಗಳ ಹಾಡನ್ನು ಸ್ವರಲಿಪಿಯಲ್ಲಿ ಬರೆದುಕೊಂಡು, ಆಮೇಲೆ ಅದನ್ನು ತಮ್ಮ ಸಂಗೀತಕ್ಕೆ ತಂದರು. ಈ ಕ್ರಮ ನನಗೆ ಬಹಳ ಹಿಡಿಸುತ್ತದೆ: ಮೊದಲು ಹಕ್ಕಿ ಹಾಡಿದ್ದನ್ನು ಶ್ರದ್ಧೆಯಿಂದ ಬರೆದುಕೋ, ನಿನ್ನದೇನಿದ್ದರೂ ಆಮೇಲೆ.

ಈ ಊರಿನಲ್ಲಿ ಇದರ ಜೊತೆ ಬದುಕುವುದು ಸುಲಭ ಅಂತ ಮಾತ್ರ ಹೇಳಲಾರೆ. ಹಾರ್ನ್ ನನಗೆ ಕೊಳಕು ಕಿತ್ತಳೆ, ಅದು ಎಲ್ಲದರ ಮೇಲೂ ಹರಡುತ್ತದೆ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತರೆ ಕಣ್ಣು ಮುಚ್ಚಿದರೂ ಹೋಗುವುದಿಲ್ಲ. ಎಂಟು ಗಂಟೆ ದಾಟಿದರೆ ಕಬ್ಬನ್ ಪಾರ್ಕಿನ ಅಂಚಿನಲ್ಲೂ ಕೋಗಿಲೆಯ ನೀಲಿ ಗೆರೆ ಆ ಕಿತ್ತಳೆಯ ಹಿಂದೆ ಕಳೆದುಹೋಗುತ್ತದೆ. ರಸ್ತೆ ಅಗಲ ಮಾಡಲು ಮರ ಕಡಿದಾಗ ನೆರಳು ಹೋಯಿತು, ತಂಪು ಹೋಯಿತು ಅಂತ ಎಲ್ಲರೂ ಹೇಳುತ್ತೇವೆ, ಸರಿ. ನನಗೆ ಆ ಬೀದಿಯ ಒಂದು ಬಣ್ಣವೇ ಹೋಗಿರುತ್ತದೆ, ಅದು ಹೋಯಿತು ಅಂತ ತೋರಿಸುವುದಕ್ಕೂ ಏನೂ ಉಳಿದಿರುವುದಿಲ್ಲ.

ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡುತ್ತದೆ. ನೆದರ್ಲೆಂಡ್ಸ್‌ನ ಲೈಡನ್ ನಗರದಲ್ಲಿ ಗದ್ದಲ ಜಾಸ್ತಿ ಇರುವ ಕಡೆಯ ಗ್ರೇಟ್ ಟಿಟ್ ಹಕ್ಕಿಗಳು ಹೆಚ್ಚು ಎತ್ತರದ ಸ್ವರದಲ್ಲಿ ಹಾಡುತ್ತವೆ ಅಂತ ಸಂಶೋಧಕರು 2003ರಲ್ಲೇ ವರದಿ ಮಾಡಿದ್ದರು. ವಾಹನಗಳ ಸದ್ದು ಹೆಚ್ಚಾಗಿ ತಗ್ಗಿನ ಸ್ವರದ್ದು, ಅದರ ಮೇಲಿಂದ ಕೇಳಿಸಬೇಕಲ್ಲ. ನಮ್ಮ ಮಡಿವಾಳ ಹಕ್ಕಿಯೋ ಪಿಕಳಾರವೋ ಹಾಗೆ ಬದಲಾದರೆ, ನನಗೆ ಅವುಗಳ ಬಣ್ಣವೂ ತಿಳಿಯಾಗುತ್ತಾ ಹೋಗುತ್ತದೆ. ಆವತ್ತು ಹೋಲಿಸಿ ನೋಡಲು ಏನಾದರೂ ಇರಬೇಕು. ಅದಕ್ಕೇ ಫೋಟೋ, ರೆಕಾರ್ಡಿಂಗ್, ಪೇಂಟಿಂಗ್ ಮೂರನ್ನೂ ಬೇರೆ ಬೇರೆಯಾಗಿ, ಜಾಗ ಮತ್ತು ಹೊತ್ತು ಬರೆದು ಇಡುತ್ತಿದ್ದೇನೆ. ಒಂದರೊಳಗೆ ಒಂದನ್ನು ಕಲಸಿದರೆ ಮೂರೂ ಲೆಕ್ಕಕ್ಕೆ ಬರುವುದಿಲ್ಲ.

ಮುಂದಿನ ಪ್ರದರ್ಶನದಲ್ಲಿ ಮೂರನ್ನೂ ಅಕ್ಕಪಕ್ಕ ಇಡುತ್ತೇನೆ, ಹೆಡ್‌ಫೋನ್ ಕೂಡ ಇರುತ್ತದೆ. ಕುಟ್ರ ಹಕ್ಕಿಯನ್ನು ಕೇಳಿ ನಿಮಗೆ ಹಳದಿ ಬಿಟ್ಟು ಬೇರೆ ಬಣ್ಣ ಕಂಡರೆ ಕಾಮೆಂಟ್‌ನಲ್ಲೋ ಎದುರಿಗೋ ಹೇಳಿ, ಅದನ್ನೂ ಬರೆದಿಟ್ಟುಕೊಳ್ಳುತ್ತೇನೆ.